ಆರ್ಡರ್ ಕೈಯಲ್ಲಿದೆ, ಮಗಳು ಬಾಗಿಲಿಗೆ ಬರುತ್ತಿಲ್ಲ

ಕಾನೂನು ಪ್ರಶ್ನೋತ್ತರ. ಉತ್ತರಿಸುವವರು ಬಳ್ಳಾರಿಯಲ್ಲಿ ಕುಟುಂಬ ವ್ಯಾಜ್ಯಗಳನ್ನು ನಡೆಸುವ ವಕೀಲೆ. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ, ಪತ್ರಗಳನ್ನು ಮೊಟಕು ಮಾಡಿದ್ದೇವೆ.

ಪ್ರಶ್ನೆ: ನಾನು ತೋರಣಗಲ್ಲಿನಲ್ಲಿ ಗುತ್ತಿಗೆ ನೌಕರ, ಶಿಫ್ಟ್ ಕೆಲಸ. ವಿಚ್ಛೇದನ ಆಗಿದೆ. ಏಳು ವರ್ಷದ ಮಗಳು ತಾಯಿಯ ಜೊತೆ ಸಿಂಧನೂರಿನಲ್ಲಿ ಇದ್ದಾಳೆ. ‘ತಂದೆಯು ಎರಡನೇ ಮತ್ತು ನಾಲ್ಕನೇ ಭಾನುವಾರ ಮಗುವನ್ನು ಭೇಟಿ ಮಾಡಬಹುದು, ಶಾಲಾ ರಜೆಯ ಅರ್ಧ ಭಾಗ ತನ್ನ ಬಳಿ ಇರಿಸಿಕೊಳ್ಳಬಹುದು’ ಎಂದು ಕೋರ್ಟಿನ ಡಿಕ್ರಿಯಲ್ಲಿದೆ (ಅಂತಿಮ ಆದೇಶ). ಮೊದಲೆರಡು ಸಲ ಸರಿ ನಡೆಯಿತು. ಆಮೇಲೆ ಒಮ್ಮೆ ಜ್ವರ, ಒಮ್ಮೆ ಸೋದರಮಾವನ ಮನೆಯ ಗೃಹಪ್ರವೇಶ, ಒಮ್ಮೆ ಬಾಗಿಲಿಗೇ ಬೀಗ. ದಸರಾ ರಜೆಗೂ ಕಳಿಸಲಿಲ್ಲ. ಠಾಣೆಗೆ ಹೋದರೆ ‘ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗ್ರಿ’ ಅಂದರು. ಒಬ್ಬ ವಕೀಲರು ನೇರ ಕಂಟೆಂಪ್ಟ್ (ನ್ಯಾಯಾಂಗ ನಿಂದನೆ) ಹಾಕೋಣ ಅನ್ನುತ್ತಾರೆ. ಗೆಳೆಯರು ‘ಪ್ರತಿ ತಿಂಗಳು ಐದನೇ ತಾರೀಕಿಗೆ ಕಳಿಸ್ತೀಯಲ್ಲ, ಆ ರೊಕ್ಕ ನಿಲ್ಲಿಸು, ತಾನೇ ದಾರಿಗೆ ಬರ್ತಾಳೆ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಗೆಳೆಯರ ಸಲಹೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಐದನೇ ತಾರೀಕು ನಾನು ಬರೆದು ಮುಗಿಸುವುದನ್ನು ಕಾಯುವುದಿಲ್ಲ. ರೊಕ್ಕ ನಿಲ್ಲಿಸಬೇಡಿ. ಅದು ಮಗಳ ಊಟದ್ದು, ಫೀಸಿನದು. ಭೇಟಿಯ ಬಾಬತ್ತೇ ಬೇರೆ. ‘ಅವಳು ತೋರಿಸಲಿಲ್ಲ, ಅದಕ್ಕೆ ನಾನು ಕೊಡಲಿಲ್ಲ’ ಎಂಬ ಲೆಕ್ಕವನ್ನು ಯಾವ ಕೋರ್ಟೂ ಒಪ್ಪುವುದಿಲ್ಲ. ನಿಲ್ಲಿಸಿದಿರೋ, ಆಕೆ ವಸೂಲಿ ಅರ್ಜಿ ಹಾಕುತ್ತಾರೆ. ನಿಮ್ಮ ಜೀವನಾಂಶದ ಆದೇಶ ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಮಿನಡಿ ಆಗಿದ್ದರೆ (2024ರ ಜುಲೈ 1ರಿಂದ ಅದರ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 144 ಬಂದಿದೆ) ವಾರಂಟು ಹೊರಡುತ್ತದೆ, ಬಾಕಿ ಉಳಿದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬೀಳುತ್ತದೆ. ನೀವು ಭೇಟಿಗಾಗಿ ಅರ್ಜಿ ಹಾಕಿದ ದಿನ ಎದುರು ವಕೀಲರು ಎದ್ದು ನಿಂತು ಆಡುವ ಮೊದಲ ಮಾತೇ ‘ಸ್ವಾಮಿ, ಇವರೇ ಆದೇಶ ಪಾಲಿಸಿಲ್ಲ’. ಅಲ್ಲಿಗೆ ನಿಮ್ಮ ಅರ್ಧ ಕೇಸು ಮುಗಿಯಿತು. ಹಣ ಖಾತೆಗೆ ಹಾಕಿ. ಕೈಗೆ ನಗದು ಕೊಡಬೇಡಿ, ಅಳಿಯ-ಮಾವನ ಮೂಲಕ ಕಳಿಸಬೇಡಿ.

ಇನ್ನು ನೀವು ಕಳಿಸಿದ ಡಿಕ್ರಿಯ ನಕಲು. ಒಮ್ಮೆ ನೀವೇ ಅಮೀನನ (ಕೋರ್ಟಿನ ಆದೇಶ ಜಾರಿ ಮಾಡುವ ಸಿಬ್ಬಂದಿ) ಕಣ್ಣಿನಿಂದ ಓದಿ ನೋಡಿ. ಎಷ್ಟು ಗಂಟೆಗೆ? ಎಲ್ಲಿ? ಮಗುವನ್ನು ಕರೆತರಬೇಕಾದವರು ಯಾರು, ವಾಪಸ್ ಬಿಡಬೇಕಾದವರು ಯಾರು? ರಜೆಯ ಅರ್ಧ ಅಂದರೆ ಮೊದಲರ್ಧವೋ ಕೊನೆಯರ್ಧವೋ? ಜ್ವರ ಬಂದ ಭಾನುವಾರದ ಬದಲಿಗೆ ಯಾವ ಭಾನುವಾರ? ಒಂದಕ್ಕೂ ಉತ್ತರವಿಲ್ಲ. ನೀವು ಏನು ಮಾಡಬಹುದು ಎಂದು ನಿಮ್ಮ ಡಿಕ್ರಿ ಹೇಳುತ್ತದೆ, ಆಕೆ ಏನು ಮಾಡಲೇಬೇಕು ಎಂದು ಎಲ್ಲೂ ಹೇಳುವುದಿಲ್ಲ. ಮಾಡಬೇಕಾದ ಕೆಲಸವನ್ನೇ ಬರೆಯದಿದ್ದ ಮೇಲೆ ಆಕೆ ಅದನ್ನು ಮಾಡಲಿಲ್ಲ ಎಂದು ಸಾಬೀತು ಮಾಡುವುದು ಹೇಗೆ? ಜಾರಿ ಕೋರ್ಟು ಡಿಕ್ರಿಯಲ್ಲಿ ಇಲ್ಲದ್ದನ್ನು ತನ್ನ ಕೈಯಿಂದ ಸೇರಿಸುವಂತಿಲ್ಲ, ಡಿಕ್ರಿಯ ಹಿಂದಕ್ಕೆ ಹೋಗುವಂತಿಲ್ಲ. ನಮ್ಮ ಕಡೆ ಭೇಟಿ ಆದೇಶಗಳು ಸೋಲುವುದು ಬಹುಪಾಲು ಇಲ್ಲೇ. ಹಟಕ್ಕಿಂತ ಮೊದಲು ಕಾಗದವೇ ಸೋತಿರುತ್ತದೆ. ಇದರಲ್ಲಿ ನ್ಯಾಯಾಧೀಶರನ್ನು ದೂರುವುದಕ್ಕಿಂತ ವಕೀಲರನ್ನು ದೂರುವುದು ಸರಿ. ರಾಜಿಯಾಯಿತು ಎಂಬ ಖುಷಿಯಲ್ಲಿ, ಊಟದ ಹೊತ್ತಿಗೆ, ಮೂರು ಸಾಲಿನ ಜಂಟಿ ಮೆಮೊ ಬರೆದು ಒಳಗೆ ಕೊಟ್ಟರೆ ಆ ಮೂರು ಸಾಲೇ ಡಿಕ್ರಿಯಾಗಿ ಹೊರಗೆ ಬರುತ್ತವೆ.

ಆದ್ದರಿಂದ ನಿಮ್ಮ ಮೊದಲ ಅರ್ಜಿ ಶಿಕ್ಷೆಗಾಗಿ ಆಗಬಾರದು, ಆದೇಶವನ್ನು ಬಿಗಿ ಮಾಡಿಸುವುದಕ್ಕೆ ಆಗಬೇಕು. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ವಿಚ್ಛೇದನ ಮುಗಿದ ಮೇಲೂ ಮಕ್ಕಳ ವಿಷಯದ ಆದೇಶವನ್ನು ಬದಲಿಸಲು ಕೇಳಬಹುದು. ಮಗುವಿನ ವಶದ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಮಗುವಿನ ಹಿತಕ್ಕೆ ತಕ್ಕಂತೆ ಮತ್ತೆ ತಿದ್ದಬಹುದು ಎಂದು ಸುಪ್ರೀಂ ಕೋರ್ಟು 1973ರ ರೋಸಿ ಜೇಕಬ್ ಪ್ರಕರಣದಲ್ಲೇ ಹೇಳಿದೆ. ನಾನಾಗಿದ್ದರೆ ನಿಮ್ಮ ಅರ್ಜಿಯ ಕೋರಿಕೆಯನ್ನು ಹೀಗೆ ಬರೆಯುತ್ತಿದ್ದೆ:

‘ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 10 ಗಂಟೆಗೆ ತಾಯಿಯು ಮಗುವನ್ನು ಸಿಂಧನೂರಿನ ಗೊತ್ತುಪಡಿಸಿದ ಸ್ಥಳಕ್ಕೆ ಕರೆತಂದು ತಂದೆಗೆ ಒಪ್ಪಿಸತಕ್ಕದ್ದು. ತಂದೆಯು ಸಂಜೆ 5ಕ್ಕೆ ಅದೇ ಸ್ಥಳದಲ್ಲಿ ಹಿಂದಿರುಗಿಸತಕ್ಕದ್ದು. ಮಗುವಿಗೆ ಕಾಯಿಲೆಯಾದಲ್ಲಿ ಹಿಂದಿನ ರಾತ್ರಿ 8ರೊಳಗೆ ವೈದ್ಯರ ಚೀಟಿಯ ಫೋಟೊ ಸಮೇತ ತಿಳಿಸತಕ್ಕದ್ದು. ತಪ್ಪಿದ ಭೇಟಿಯನ್ನು ಮುಂದಿನ ಭಾನುವಾರವೇ ಕೊಡತಕ್ಕದ್ದು. ದಸರಾ ರಜೆಯ ಮೊದಲರ್ಧ ಮತ್ತು ಬೇಸಿಗೆ ರಜೆಯ ಕೊನೆಯರ್ಧ ತಂದೆಗೆ. ಮುಂದಿನ ವರ್ಷ ಅದಲುಬದಲು. ಪ್ರತಿ ಬುಧವಾರ ಸಂಜೆ 7ಕ್ಕೆ ಹದಿನೈದು ನಿಮಿಷ ವಿಡಿಯೊ ಕರೆ.’

ವಿಡಿಯೊ ಕರೆಯನ್ನು ಬಿಡಬೇಡಿ. ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯೂ ಸಿಗಬೇಕು, ಒಬ್ಬರ ವಶದಲ್ಲಿದ್ದರೆ ಇನ್ನೊಬ್ಬರಿಗೆ ಸಾಕಷ್ಟು ಭೇಟಿ ಇರಬೇಕು, ಜೊತೆಗೆ ಫೋನು-ವಿಡಿಯೊ ಸಂಪರ್ಕವೂ ಇರಬೇಕು ಎಂದು ಸುಪ್ರೀಂ ಕೋರ್ಟಿನ 2020ರ ಯಶಿತಾ ಸಾಹು ತೀರ್ಪಿನಲ್ಲಿದೆ. ಅದರ ಪ್ರತಿ ಲಗತ್ತಿಸಿ.

ಸ್ಥಳದ ಬಗ್ಗೆ ಒಂದು ಮಾತು. ಅತ್ತೆ-ಮಾವನ ಮನೆ ಬಾಗಿಲನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಬೀಗದ ಮುಂದೆ ನಿಂತವನ ಫೋಟೊ ನೋಡಿದರೆ ನಿಮಗೆ ಅದು ಸಾಕ್ಷಿ. ಆ ಓಣಿಯವರಿಗೆ ಅದು ತಮಾಷೆ. ಭಾಮೈದ ಹೊರಗೆ ಬಂದು ಒಂದು ಮಾತು ಹೆಚ್ಚಾಡಿದರೆ ಮರುದಿನ ನಿಮ್ಮ ಮೇಲೇ ದೂರು. ಕೋರ್ಟಿನ ಆವರಣ ಎಂದು ಬರೆಸುತ್ತಾರೆ ಕೆಲವರು. ಭಾನುವಾರ ಕೋರ್ಟಿಗೇ ಬೀಗ ಎಂಬುದು ಆಗ ಯಾರಿಗೂ ನೆನಪಿರುವುದಿಲ್ಲ. ಬಸ್‌ಸ್ಟ್ಯಾಂಡು ನಮ್ಮ ಏಪ್ರಿಲ್ ಬಿಸಿಲಿಗೆ ಏಳು ವರ್ಷದ ಕೂಸಿಗಲ್ಲ. ನೆರಳಿರುವ, ನಾಲ್ಕು ಜನ ಓಡಾಡುವ, ಇಬ್ಬರಿಗೂ ನೆಂಟರಲ್ಲದ ಜಾಗ ನೋಡಿ: ದೊಡ್ಡ ಗುಡಿಯ ಪ್ರಾಕಾರ, ಪಾರ್ಕು, ಮಗಳಿಗೆ ಇಷ್ಟದ ಐಸ್‌ಕ್ರೀಮ್ ಅಂಗಡಿಯೂ ಆದೀತು.

ನಿಮ್ಮ ಶಿಫ್ಟ್ ಬಗ್ಗೆಯೂ ಪ್ರಾಮಾಣಿಕವಾಗಿರಿ. ಶನಿವಾರ ರಾತ್ರಿಪಾಳಿ ಮುಗಿಸಿ, ನಿದ್ದೆಯಿಲ್ಲದೆ ಬಳ್ಳಾರಿ, ಸಿರುಗುಪ್ಪ ದಾಟಿ ಸಿಂಧನೂರು ಮುಟ್ಟುವ ಹೊತ್ತಿಗೆ ಹತ್ತು ದಾಟಿರುತ್ತದೆ. ಹತ್ತು ಗಂಟೆಗೆ ಅಂತ ಕೂಸಿಗೆ ಜಡೆ ಹಾಕಿ ಕೂರಿಸಿದ ತಾಯಿಯ ಸಿಟ್ಟು ಸುಳ್ಳೇನಲ್ಲ. ಹನ್ನೊಂದು ಎನ್ನುವುದೇ ನಿಮಗೆ ಆಗುವ ಸಮಯವಾದರೆ ಹನ್ನೊಂದೆಂದೇ ಬರೆಸಿ.

ಅರ್ಜಿ ಹಾಕುವ ತನಕ, ಹಾಕಿದ ಮೇಲೂ, ಪ್ರತಿ ಭೇಟಿ ದಿನ ಹೋಗಿ. ‘ಹೆಂಗೂ ತೋರಿಸಲ್ಲ’ ಅಂತ ಮನೆಯಲ್ಲಿ ಕೂತರೆ ‘ಇವರೇ ಬರಲಿಲ್ಲ’ ಎಂಬ ಉತ್ತರಕ್ಕೆ ನೀವೇ ಸಾಕ್ಷಿ ಒದಗಿಸಿದಿರಿ. ಹಿಂದಿನ ದಿನ ವಾಟ್ಸಾಪಿನಲ್ಲಿ ಒಂದು ಸಾಲು: ‘ನಾಳೆ ಇಷ್ಟು ಗಂಟೆಗೆ ಇಲ್ಲಿ ಇರುತ್ತೇನೆ.’ ಅಷ್ಟೇ. ಹಳೆಯ ಪುರಾಣ ಬೇಡ, ಆಕೆಯ ತವರಿನ ಸುದ್ದಿ ಬೇಡ. ಆ ಮೆಸೇಜನ್ನು ಮುಂದೊಂದು ದಿನ ನ್ಯಾಯಾಧೀಶರು ಓದುತ್ತಾರೆ ಎಂದುಕೊಂಡೇ ಬರೆಯಿರಿ. ಬಸ್ಸಿನ ಟಿಕೆಟ್ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಏನಾಯಿತು ಅಂತ ಅದೇ ಸಂಜೆ ಬರೆದಿಡಿ. ಮೊಬೈಲಿನ ಸಂದೇಶಗಳನ್ನು ಸಾಕ್ಷಿಯಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು (ಹಿಂದೆ ಅದನ್ನೇ 65ಬಿ ಎನ್ನುತ್ತಿದ್ದೆವು). ಅದಕ್ಕಾಗಿ ಹಳೆಯ ಫೋನನ್ನು ಮಾರಬೇಡಿ, ಚಾಟ್ ಅಳಿಸಬೇಡಿ. ಜೊತೆಗೆ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಹೋಗಬೇಡಿ. ಯಾರಾದರೂ ಜೊತೆಗೆ ಬೇಕೇಬೇಕೆಂದರೆ ನಿಮ್ಮ ತಾಯಿಯನ್ನು ಕರೆದೊಯ್ಯಿರಿ, ಅಜ್ಜಿಯನ್ನು ಕಂಡು ಮಗು ಹೆದರುವುದಿಲ್ಲ.

ಇಷ್ಟಾದ ಮೇಲೆ, ಬಿಗಿಯಾದ ಆದೇಶ ಕೈಗೆ ಬಂದ ಮೇಲೂ ಆಕೆ ತಪ್ಪಿಸಿದರೆ ಇ.ಪಿ. (ಜಾರಿ ಅರ್ಜಿ) ಹಾಕಿ. ಕುಟುಂಬ ನ್ಯಾಯಾಲಯಗಳ ಕಾಯ್ದೆ, 1984ರ 18ನೇ ಕಲಮಿನ ಪ್ರಕಾರ ಕುಟುಂಬ ನ್ಯಾಯಾಲಯದ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲದ್ದು. ಆದೇಶ ಕೊಟ್ಟ ಕೋರ್ಟೇ ಜಾರಿ ಮಾಡಬಹುದು, ಇಲ್ಲವೇ ಬೇರೆ ಕುಟುಂಬ ನ್ಯಾಯಾಲಯಕ್ಕೋ ಸಾಧಾರಣ ಸಿವಿಲ್ ಕೋರ್ಟಿಗೋ ಕಳಿಸಬಹುದು. ಅಂದರೆ ಡಿಕ್ರಿ ಬೇರೆ ಊರಿನದಾದರೂ ಜಾರಿಯನ್ನು ಮಗು ಇರುವ ಕಡೆಗೆ ವರ್ಗಾಯಿಸಿ ಎಂದು ಕೇಳಬಹುದು. ದೃಢೀಕೃತ ನಕಲು, ನೋಟ್‌ಬುಕ್ಕಿನಿಂದ ತೆಗೆದ ತಪ್ಪಿದ ದಿನಾಂಕಗಳ ಪಟ್ಟಿ, ಮೆಸೇಜುಗಳು, ಇಷ್ಟೂ ಅದರ ಜೊತೆ ಹೋಗಲಿ. ಆಕೆಗೆ ನೋಟಿಸು ಹೋಗುತ್ತದೆ, ಆಕ್ಷೇಪಣೆ ಬರುತ್ತದೆ, ವಾಯಿದೆಗಳು ಬೀಳುತ್ತವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆರ್ಡರಿನ 32ನೇ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ: ಪಾಲಿಸಲು ಅವಕಾಶವಿದ್ದೂ ಬೇಕೆಂದೇ ಪಾಲಿಸದವರ ಆಸ್ತಿ ಜಪ್ತಿ, ಸಿವಿಲ್ ಜೈಲು, ಅಥವಾ ಎರಡೂ.

ಜೈಲು ಎಂಬ ಮಾತು ಕೇಳಿ ನಿಮ್ಮ ಮುಖ ಅರಳಿರಬಹುದು, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಎದುರಿನವರನ್ನು ಸಿವಿಲ್ ಜೈಲಿಗೆ ಕಳಿಸಿ ಎಂದು ಕೇಳುವವರು ಅಲ್ಲಿನ ಊಟದ ಭತ್ಯೆಯನ್ನು ತಾವೇ ಮುಂಗಡ ಕಟ್ಟಬೇಕು. ಮಗಳ ತಾಯಿಯ ಜೈಲೂಟಕ್ಕೆ ನೀವು ರಸೀದಿ ಹರಿಸಿಕೊಳ್ಳುತ್ತೀರಿ. ಆ ಹೊತ್ತಿನಲ್ಲಿ ಮಗಳು ಯಾರ ಮನೆಯಲ್ಲಿ ಇರುತ್ತಾಳೆ, ಅಮ್ಮ ಎಲ್ಲಿ ಎಂದು ಕೇಳಿದರೆ ಯಾರು ಏನು ಹೇಳುತ್ತಾರೆ? ನ್ಯಾಯಾಧೀಶರೂ ಇದನ್ನೇ ಯೋಚಿಸುತ್ತಾರೆ, ಆದ್ದರಿಂದಲೇ ಈ ಅಸ್ತ್ರ ಸುಲಭಕ್ಕೆ ಹೊರಗೆ ಬರುವುದಿಲ್ಲ. ಇ.ಪಿ.ಯಲ್ಲಿ ನೀವು ಕೇಳಬೇಕಾದ್ದು ತಪ್ಪಿದ ಭಾನುವಾರಗಳಿಗೆ ಬದಲಿ ದಿನಗಳು, ಕೋರ್ಟಿನ ಸಮಾಲೋಚಕರ ಮುಂದೆ ಕೆಲವು ಭೇಟಿಗಳು, ಭೇಟಿ ನೋಡಿಕೊಳ್ಳಲು ಕೋರ್ಟಿನ ಕಮಿಷನರ್ ನೇಮಕ, ಖರ್ಚು. ಜಪ್ತಿ-ಜೈಲಿನ ಕೋರಿಕೆ ಅರ್ಜಿಯ ಕೊನೆಯಲ್ಲಿ ಇರಲಿ. ಹಟ ವರ್ಷಗಟ್ಟಲೆ ಮುಂದುವರಿದು, ಮಗುವಿನ ಮನಸ್ಸಿನಲ್ಲಿ ತಂದೆಯ ವಿರುದ್ಧ ವಿಷ ತುಂಬುತ್ತಿದ್ದಾರೆ ಎಂದು ಕೋರ್ಟಿಗೆ ಮನವರಿಕೆಯಾದರೆ ವಶವನ್ನೇ ಬದಲಿಸುವ ಪ್ರಶ್ನೆ ಏಳುತ್ತದೆ. ಎದುರು ವಕೀಲರಿಗೆ ಅದು ಗೊತ್ತಿರುತ್ತದೆ. ತಮ್ಮ ಕಕ್ಷಿದಾರರಿಗೆ ಅವರು ತಿಳಿಹೇಳುವುದೂ ಆಗಲೇ.

ಠಾಣೆಯವರು ಹೇಳಿದ್ದು ಈ ಸಲ ಸರಿ. ಕೋರ್ಟಿನ ನಿರ್ದೇಶನವಿಲ್ಲದೆ ಅವರು ಮನೆಗೆ ನುಗ್ಗಿ ಮಗುವನ್ನು ಎತ್ತಿಕೊಡಲಾರರು. ಪೊಲೀಸ್ ನೆರವು ನಿಜಕ್ಕೂ ಬೇಕಾದರೆ ಇ.ಪಿ.ಯಲ್ಲೇ ಐ.ಎ. (ಮಧ್ಯಂತರ ಅರ್ಜಿ) ಹಾಕಿ ಕೇಳಿ. ಏಳು ವರ್ಷದ ಹುಡುಗಿ ಖಾಕಿ ಬಟ್ಟೆಯವರ ಜೊತೆ ಅಪ್ಪನ ಕಡೆ ನಡೆದುಬರುವ ಭಾನುವಾರ ನಿಮಗೆ ಬೇಕೇ ಎಂಬುದನ್ನು ಮಾತ್ರ ನೀವೇ ತೀರ್ಮಾನಿಸಿ.

ಕಂಟೆಂಪ್ಟಿನ ವಿಷಯ. ಕೆಳ ನ್ಯಾಯಾಲಯದ ಆದೇಶ ಮೀರಿದ್ದಕ್ಕೆ ನಿಂದನೆಯ ಶಿಕ್ಷೆ ಕೊಡುವುದು ಹೈಕೋರ್ಟು. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. 1971ರ ಕಾಯ್ದೆಯಡಿ ಆರು ತಿಂಗಳವರೆಗೆ ಸಾದಾ ಸೆರೆವಾಸ, ಎರಡು ಸಾವಿರ ರೂಪಾಯಿವರೆಗೆ ದಂಡ ಉಂಟು. ತಪ್ಪು ನಡೆದ ಒಂದು ವರ್ಷದೊಳಗೆ ಹೋಗಬೇಕು, ಬೇಕೆಂದೇ ಉಲ್ಲಂಘಿಸಿದ್ದಾರೆ ಎಂದು ತೋರಿಸಬೇಕು. ಈಗಿರುವ ಮೂರು ಸಾಲಿನ ಡಿಕ್ರಿ ಹಿಡಿದು ಹೋದರೆ ‘ಜಾರಿ ಅರ್ಜಿ ಯಾಕೆ ಹಾಕಲಿಲ್ಲ’ ಎಂದು ಕೇಳಿಸಿಕೊಂಡು ಬರುತ್ತೀರಿ. ಭತ್ತ ನಾಟಿ ಮಾಡದೆ ಕಾಲುವೆ ನೀರಿಗೆ ಜಗಳ ತೆಗೆದ ಹಾಗಾಗುತ್ತದೆ. ಸದ್ಯಕ್ಕೆ ಬೇಡ.

ಪ್ರಶ್ನೆ: ನಾನು ಗಂಗಾವತಿಯವಳು. ಎಂಟು ವರ್ಷದ ಮಗ ನನ್ನ ವಶದಲ್ಲಿ ಇರಬೇಕೆಂದು ಆದೇಶವಾಗಿದೆ. ಬೇಸಿಗೆ ರಜೆಗೆ ಕರೆದೊಯ್ದ ತಂದೆ ವಾಪಸ್ ಬಿಟ್ಟಿಲ್ಲ. ಶಾಲೆ ಶುರುವಾಯಿತು. ಮೊದಲು ಕುಷ್ಟಗಿ ಹತ್ತಿರದ ಅವರ ಊರಿನಲ್ಲಿ ಇದ್ದರು, ಈಗ ಹೈದರಾಬಾದ್ ಅನ್ನುತ್ತಾರೆ. ಫೋನಿನಲ್ಲಿ ಮಗನ ಕೈಲೇ ‘ನಾ ಬರಂಗಿಲ್ಲ’ ಅಂತ ಹೇಳಿಸುತ್ತಾರೆ. ಅಣ್ಣಂದಿರು ಜೀಪು ಮಾಡಿಕೊಂಡು ಹೋಗಿ ಎತ್ತಿಕೊಂಡು ಬರೋಣ ಅನ್ನುತ್ತಿದ್ದಾರೆ.

ಉತ್ತರ: ತಾಯೀ, ಜೀಪು ಬೇಡ. ಇವತ್ತಿನ ತನಕ ತಪ್ಪೆಲ್ಲ ಅವರ ಕಡೆ ಇದೆ. ಜೀಪು ಹೊರಟ ಕ್ಷಣ ಅದು ಎರಡೂ ಕಡೆ ಹಂಚಿಹೋಗುತ್ತದೆ.

ನಿಮ್ಮದು ಮೇಲಿನ ಪತ್ರದಂಥದ್ದಲ್ಲ, ಇಲ್ಲಿ ನಿಧಾನ ಕೂಡದು. ದಿನ ಕಳೆದಷ್ಟೂ ‘ಮಗು ಇಲ್ಲಿಗೆ ಒಗ್ಗಿಕೊಂಡಿದೆ, ಇಲ್ಲೇ ಶಾಲೆಗೆ ಸೇರಿದೆ’ ಎಂಬ ವಾದ ಬಲಿಯುತ್ತದೆ. ಇವತ್ತೇ ಮಗನ ಶಾಲೆಗೆ ಹೋಗಿ, ಆದೇಶದ ನಕಲು ಲಗತ್ತಿಸಿ, ನನ್ನ ಒಪ್ಪಿಗೆಯಿಲ್ಲದೆ ಟಿಸಿ ಕೊಡಬೇಡಿ ಎಂದು ಲಿಖಿತವಾಗಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಇಂಥ ದಿನದೊಳಗೆ ಮಗನನ್ನು ಬಿಡಿ ಎಂದು ತಂದೆಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ, ಅದೇ ಮಾತು ವಾಟ್ಸಾಪಿನಲ್ಲೂ. ಆ ದಿನ ದಾಟಿದ ಮರುದಿನವೇ ಆದೇಶ ಕೊಟ್ಟ ನ್ಯಾಯಾಲಯದಲ್ಲಿ ಜಾರಿ ಅರ್ಜಿ, ಜೊತೆಗೆ ಮಗುವನ್ನು ಹಾಜರುಪಡಿಸಲು ಮತ್ತು ಪೊಲೀಸ್ ನೆರವಿಗೆ ತುರ್ತು ಐ.ಎ.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಹೋದರೆ 25ನೇ ಕಲಮಿನಲ್ಲಿ ಮಗುವನ್ನು ಪಾಲಕರಿಗೆ ಹಿಂದಿರುಗಿಸುವ ಆದೇಶ ಪಡೆಯಬಹುದು. ಅದನ್ನೂ ಮೀರಿದರೆ 45ನೇ ಕಲಮು. ಅದರ ದಂಡ ನೂರು ರೂಪಾಯಿ, ಮೊಂಡು ಹಿಡಿದರೆ ದಿನಕ್ಕೆ ಹತ್ತು, ಒಟ್ಟು ಐನೂರು ಮೀರುವಂತಿಲ್ಲ. ವಿಕ್ಟೋರಿಯಾ ರಾಣಿ ಕಾಲದ ದರ ಇವತ್ತಿಗೂ ಪುಸ್ತಕದಲ್ಲಿ ಹಾಗೇ ಕೂತಿದೆ. ಆದರೆ ನಕ್ಕು ಸುಮ್ಮನಾಗಬೇಡಿ: ಅದೇ ಕಲಮಿನಲ್ಲಿ ಮಗುವನ್ನು ಹಾಜರುಪಡಿಸುವ ಮಾತು ಕೊಡುವ ತನಕ ಸಿವಿಲ್ ಜೈಲಿನಲ್ಲಿ ಇಡುವ ಅಧಿಕಾರವೂ ಇದೆ. ಹಲ್ಲು ಇರುವುದು ಅಲ್ಲಿ.

ಮಗು ಎಲ್ಲಿದೆ ಎಂದೇ ಗೊತ್ತಾಗದಿದ್ದರೆ ಧಾರವಾಡ ಪೀಠದಲ್ಲಿ ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಎಂದು ಕೇಳುವ ಅರ್ಜಿ). ಕಾನೂನುಬಾಹಿರವಾಗಿ ಹಿಡಿದಿಟ್ಟುಕೊಂಡದ್ದು ಹೆತ್ತವರಲ್ಲೇ ಒಬ್ಬರಾದರೂ ಈ ಅರ್ಜಿ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟು 2019ರ ತೇಜಸ್ವಿನಿ ಗೌಡ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಕೈಯಲ್ಲಿ ವಶದ ಆದೇಶ ಇರುವುದರಿಂದ ನಿಮ್ಮ ನೆಲೆ ಗಟ್ಟಿ.

‘ನಾ ಬರಂಗಿಲ್ಲ’ ಎಂಬ ಮಾತಿಗೆ ಈಗಲೇ ಎದೆಯೊಡೆದುಕೊಳ್ಳಬೇಡಿ. ಬುದ್ಧಿ ಬಲಿತ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಎಂದು 1890ರ ಆ ಕಾಯ್ದೆಯ 17ನೇ ಕಲಮಿನಲ್ಲಿದೆ ನಿಜ, ಆದರೆ ಪರಿಗಣಿಸುವುದೆಂದರೆ ಅದರಂತೆಯೇ ನಡೆಯುವುದಲ್ಲ. ನ್ಯಾಯಾಧೀಶರು ಮಗುವನ್ನು ಚೇಂಬರಿಗೆ ಕರೆದು ಒಂಟಿಯಾಗಿ ಮಾತಾಡಿಸುತ್ತಾರೆ. ಎರಡು ತಿಂಗಳು ಮೊಬೈಲು, ಸೈಕಲ್ಲು, ಹೋಂವರ್ಕಿಲ್ಲದ ದಿನಗಳನ್ನು ಉಂಡ ಹುಡುಗ ಏನು ಹೇಳುತ್ತಾನೆ ಎಂಬುದು ಅವರಿಗೂ ಗೊತ್ತು. ಮಗ ಫೋನಿಗೆ ಸಿಕ್ಕಾಗ ‘ಅಪ್ಪ ಹೇಳಿಕೊಟ್ಟಿದ್ದಾನಾ’ ಎಂದು ಕೇಳಬೇಡಿ. ಅವನ ನಾಯಿಮರಿ ಏನು ಮಾಡುತ್ತಿದೆ, ಗೆಳೆಯ ಯಾರು ಕೇಳಿದ, ಅದನ್ನು ಹೇಳಿ.

ವಕೀಲರ ಫೀಸಿನ ಚಿಂತೆಯಿದ್ದರೆ: 1987ರ ಕಾನೂನು ಸೇವೆಗಳ ಕಾಯ್ದೆಯಡಿ ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ಮಾನ್ವಿ ತಾಲ್ಲೂಕಿನವರು ನಾವು, ಮುಸ್ಲಿಮರು. ಜಮಾತಿನ ಹಿರಿಯರ ಮುಂದೆ ಬೇರೆಯಾಗಿದ್ದೇವೆ. ಮಕ್ಕಳು ವಾರದ ದಿನ ನನ್ನ ಹತ್ತಿರ, ಶುಕ್ರವಾರ ಸಂಜೆಯಿಂದ ಭಾನುವಾರ ತಂದೆಯ ಹತ್ತಿರ ಎಂದು ಬಾಂಡ್ ಪೇಪರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಅವರು ಈಗ ಪಾಲಿಸುತ್ತಿಲ್ಲ. ಇದನ್ನು ಕೋರ್ಟಿನಿಂದ ಜಾರಿ ಮಾಡಿಸಬಹುದಾ?

ಉತ್ತರ: ಹಾಗೇ ನೇರವಾಗಿ ಆಗುವುದಿಲ್ಲ. ಬಾಂಡ್ ಪೇಪರ್ ಎಷ್ಟು ರೂಪಾಯಿಯದಾದರೂ, ಎಷ್ಟು ಜನ ಹಿರಿಯರ ಸಹಿಯಿದ್ದರೂ ಅದು ಡಿಕ್ರಿಯಲ್ಲ. ಲಿಂಗಾಯತರ, ಕುರುಬರ, ಯಾರ ಪಂಚಾಯ್ತಿ ಕಾಗದಕ್ಕೂ ಇದೇ ಮಾತು. ಆದರೆ ಅದನ್ನು ಹರಿದು ಹಾಕಬೇಡಿ, ಇಬ್ಬರೂ ಒಮ್ಮೆ ಏನು ಒಪ್ಪಿದ್ದಿರಿ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಅದು. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮಕ್ಕಳು ಸಾಮಾನ್ಯವಾಗಿ ವಾಸವಿರುವ ಜಾಗದ ವ್ಯಾಪ್ತಿಯ ನ್ಯಾಯಾಲಯದಲ್ಲಿ ಅರ್ಜಿ ಹಾಕಿ, ಈ ಕಾಗದವನ್ನು ಮುಂದಿಡಿ. ಅವರು ಜಗಳಕ್ಕಿಂತ ಸೋಮಾರಿತನದಿಂದ ತಪ್ಪಿಸುತ್ತಿದ್ದರೆ, ಅದು ನಿಮ್ಮ ಪತ್ರ ಓದಿದರೆ ಹಾಗನ್ನಿಸುತ್ತದೆ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್ತಿಗೆ ತನ್ನಿ. ಅಲ್ಲಿ ಬರೆದ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ. ತೋರಣಗಲ್ಲಿನವರಿಗೆ ಬರೆದ ಗಂಟೆ-ಸ್ಥಳದ ಮಾತನ್ನು ನೀವೂ ಓದಿಕೊಂಡು ಹೋಗಿ.

ಪ್ರಶ್ನೆ: ಮಗ ತೀರಿಕೊಂಡ. ಸೊಸೆ ತವರಿಗೆ ಹೋದಳು, ಮೊಮ್ಮಗನನ್ನು ತೋರಿಸುವುದಿಲ್ಲ. ನಮಗೆ ಹಕ್ಕಿಲ್ಲವೇ? (ಕುರುಗೋಡಿನಿಂದ ಒಬ್ಬ ಅಜ್ಜ)

ಉತ್ತರ: ಅಜ್ಜ-ಅಜ್ಜಿಗೆ ಭೇಟಿಯ ಹಕ್ಕು ಎಂದು ಬಿಡಿಸಿ ಬರೆದ ಕಲಮು ಇಲ್ಲ. ಆದರೆ ಮಗುವಿನ ಹಿತವನ್ನು ನೋಡಿ ಅವರಿಗೂ ಭೇಟಿ ಕೊಟ್ಟ ಆದೇಶಗಳಿವೆ, ಅರ್ಜಿ ಹಾಕಲು ಅಡ್ಡಿಯಿಲ್ಲ. ಹಾಕುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪತ್ರದಲ್ಲಿ ಹೊಲದ ಪಾಲಿನ ಮಾತು ಎರಡು ಕಡೆ ಬಂದಿದೆ. ಸೊಸೆಗೂ ಮೊಮ್ಮಗನಿಗೂ ಸೇರಬೇಕಾದ ಪಾಲಿನ ಬಗ್ಗೆ ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಆಕೆಗೆ ಒಂದು ಕಾಗದ ಬರೆದು ತಿಳಿಸಿ. ಬಾಗಿಲು ಹಾಕಿಕೊಂಡಿರುವುದು ಆ ಭಯದಿಂದಲೇ ಇರಬಹುದು. ಉತ್ತರ ಬರದಿದ್ದರೆ ಆ ಕಾಗದದ ನಕಲನ್ನೂ ಅಂಚೆ ರಸೀದಿಯನ್ನೂ ಹಿಡಿದುಕೊಂಡು ಕಾನೂನು ಸೇವಾ ಪ್ರಾಧಿಕಾರದ ಮಧ್ಯಸ್ಥಿಕೆಗೆ ಬನ್ನಿ.